ಕೊಸುಮೆಲ್‌ನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5: ಅಪ್ಪ ಅಮ್ಮ, ಮಕ್ಕಳ ಜೊತೆ ತುಲುಮ್ ಮುಗಿಸಿ ಬರಬಹುದಾ?

ತಿಪಟೂರು_ಟು_ಟೆಕ್ಸಾಸ್
ಎಲ್ಲರಿಗೂ ನಮಸ್ಕಾರ. ಜನವರಿ ಎರಡನೇ ವಾರ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ 7 ದಿನದ ಕ್ರೂಸ್. ರೊಆಟಾನ್, ಕೋಸ್ಟಾ ಮಾಯಾ, ಕೊಸುಮೆಲ್ ಮೂರು ಕಡೆ ನಿಲ್ಲುತ್ತೆ. ಮೊದಲೆರಡು ಕಡೆ ಹಡಗಿನವರದ್ದೇ ಬೀಚ್ ಟೂರ್ ತಗೊಂಡಾಯ್ತು. ಮೆಕ್ಸಿಕೋದ ಕೊಸುಮೆಲ್ ದ್ವೀಪ ಮಾತ್ರ ಖಾಲಿ ಇದೆ. ನಾವು ಆರು ಜನ: ನಾವಿಬ್ಬರು, 11 ಮತ್ತು 7 ವರ್ಷದ ಮಕ್ಕಳು, ಊರಿಂದ ಬಂದಿರೋ ಅಪ್ಪ ಅಮ್ಮ. ಅಮ್ಮನಿಗೆ ಮಂಡಿ ನೋವು, ಒಂದೇ ಸಲಕ್ಕೆ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ನಡೆಯೋಕಾಗಲ್ಲ. ಅಪ್ಪನಿಗೆ ಮಾಯಾ ಜನರ ಹಳೇ ದೇವಸ್ಥಾನ ನೋಡಲೇಬೇಕಂತೆ. ಮಕ್ಕಳಿಗೆ ಸ್ನಾರ್ಕಲಿಂಗ್. ಎಲ್ಲರೂ ಸಸ್ಯಾಹಾರಿಗಳು. 9 ಗಂಟೆ ಟೈಮ್ ಇದೆಯಲ್ಲ, ಸಮುದ್ರದಾಚೆ ದಡದಲ್ಲಿರೋ ಮಾಯಾ ಕೋಟೆ ತುಲುಮ್‌ಗೆ ಸ್ವಂತವಾಗಿ ಹೋಗಿ ಬರೋಕಾಗುತ್ತಾ?

ಘಟಪ್ರಭಾ
ತುಲುಮ್ ಬ್ಯಾಡ್ರಿ. ಲೆಕ್ಕಾ ಹಾಕಿ ನೋಡ್ರಿ. ಹಡಗ ಇಳದು ಪಿಯರ್ (ಹಡಗುಕಟ್ಟೆ) ದಾಟೂದಕ್ಕ ಅರ್ಧ ತಾಸು. ಟ್ಯಾಕ್ಸಿ ಹಿಡದು ಸಾನ್ ಮಿಗೆಲ್ ಪ್ಯಾಟ್ಯಾಗಿನ ಫೆರ್ರಿ ಕಟ್ಟೆಗೆ 15 ನಿಮಿಷ. ಟಿಕೆಟ್, ಪಾಳಿ, ಕಾಯೂದು ಸೇರಿ ಅರ್ಧ ತಾಸು. ಸಮುದ್ರ ದಾಟಾಕ 45 ನಿಮಿಷ. ಆಚೆ ದಡದ ಪ್ಲಾಯಾ ದೆಲ್ ಕಾರ್ಮೆನ್‌ದಿಂದ ತುಲುಮ್ ಸುಮಾರು 65 ಕಿ.ಮೀ., ಅದಕ್ಕೊಂದು ತಾಸು. ಒಟ್ಟು ಮೂರು ತಾಸು. ಬರೂದಕ್ಕ ಮತ್ತ ಮೂರು. 5ಕ್ಕ ಹಡಗ ಬಿಡತೈತಿ ಅಂದ್ರ ನೀವು 4:30ರೊಳಗ ಒಳಗಿರಬೇಕು. ಉಳಿಯೂದು ಎರಡೂವರೆ ತಾಸು. ಅದರಾಗ ತುಲುಮ್ ಪಾರ್ಕಿಂಗ್‌ದಿಂದ ಕೋಟೆ ತನಕಾ ಒಂದು ಕಿ.ಮೀ.ಗಿಂತ ಹೆಚ್ಚು ನಡೀಬೇಕು, ಟಿಕೆಟ್ ಪಾಳಿ ಬ್ಯಾರೆ. ನಿಮ್ಮ ತಾಯಿಯವರಿಗೆ ಅದು ಆಗೂದಿಲ್ಲ.

ಕಡಲತಡಿ_ಕುಂದಾಪ್ರ
ಘಟಪ್ರಭಾ ಅವರು ಹೇಳಿದ್ದಕ್ಕೆ ಇನ್ನೊಂದು ಸೇರಿಸಿ ಮಾರಾಯ್ರೆ. ಜನವರಿಯಲ್ಲಿ ಆ ನಡುವಿನ ಸಮುದ್ರ ಕುಲುಕುವುದು ಹೆಚ್ಚು. ಫೆರ್ರಿಯಲ್ಲಿ 45 ನಿಮಿಷ ಹೋಗುವಾಗ ವಾಂತಿ ಬರುವವರು ತುಂಬ ಜನ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಸಮಯಪಾಲಕ
ಯಾರೂ ಗಡಿಯಾರದ ವಿಷಯ ಎತ್ತಲಿಲ್ಲ. ಕೊಸುಮೆಲ್ ಇರೋದು ಕಿಂತಾನ ರೂ ರಾಜ್ಯದಲ್ಲಿ. 2015ರ ಫೆಬ್ರವರಿಯಿಂದ ಅಲ್ಲಿ ವರ್ಷಪೂರ್ತಿ ಒಂದೇ ಸಮಯ, ಚಳಿಗಾಲ-ಬೇಸಿಗೆ ಅಂತ ಗಡಿಯಾರ ತಿರುಗಿಸಲ್ಲ. ಫೋನು ತಾನಾಗೇ ಅಲ್ಲಿನ ಟವರ್ ಹಿಡಿದು ಸಮಯ ಬದಲಿಸಿಕೊಳ್ಳುತ್ತೆ. ಹಡಗು ಮಾತ್ರ ತನ್ನ ಸಮಯದಲ್ಲೇ ಇರಬಹುದು. ಫೋನ್ ನಂಬಿದವರು ಹಡಗು ತಪ್ಪಿಸಿಕೊಳ್ತಾರೆ.

ಹ್ಯೂಸ್ಟನ್_ಹಾಸನ
ಸಮಯಪಾಲಕ ಸರ್, ತತ್ವ ಸರಿ, ಆದ್ರೆ ಇವರ ವಿಷಯದಲ್ಲಿ ಉಲ್ಟಾ. ಜನವರಿಯಲ್ಲಿ ಗ್ಯಾಲ್ವೆಸ್ಟನ್‌ಗಿಂತ ಕೊಸುಮೆಲ್ ಒಂದು ಗಂಟೆ ಮುಂದೆ. ಹಡಗು ಗ್ಯಾಲ್ವೆಸ್ಟನ್ ಸಮಯದಲ್ಲೇ ಇದ್ರೆ, ಹಡಗಲ್ಲಿ 4 ಆದಾಗ ಫೋನ್ 5 ತೋರಿಸುತ್ತೆ. ಫೋನ್ ನಂಬಿದವರು ಒಂದು ಗಂಟೆ ಮೊದಲೇ ಬಂದು ಕೂತ್ಕೊತಾರೆ, ಅಷ್ಟೆ. ನೀವು ಹೇಳಿದ ಅಪಾಯ ಇರೋದು ಬೇಸಿಗೆಯಲ್ಲಿ ಮಯಾಮಿ ಕಡೆಯಿಂದ ಬರೋ ಹಡಗುಗಳಿಗೆ. ಆಗ ಕೊಸುಮೆಲ್ ಒಂದು ಗಂಟೆ ಹಿಂದೆ. ಫೋನ್ 3:30 ಅಂದಾಗ ಹಡಗಲ್ಲಿ 4:30 ಆಗಿರುತ್ತೆ.

ಇವರಿಗೆ ಪೆಟ್ಟು ಬೀಳೋದು ಬೇರೆ ಕಡೆ. ಹೊರಗಿನ ಬೋಟಿನವರು, ಫೆರ್ರಿ, ದ್ವೀಪದೊಳಗಿನ ಮಾಯಾ ಅವಶೇಷ ಸಾನ್ ಹೆರ್ವಾಸಿಯೊದ ಗೇಟು ಎಲ್ಲ ನಡೆಯೋದು ಊರಿನ ಸಮಯದಲ್ಲಿ. ಹಡಗು 8ಕ್ಕೆ ಕಟ್ಟೆ ಹಿಡಿದ್ರೆ ಊರಲ್ಲಿ ಆಗಲೇ 9. ಮೆಕ್ಸಿಕೋ ಅಧಿಕಾರಿಗಳು ಬಿಡುಗಡೆ ಕೊಟ್ಟು ಇಳಿಯೋ ಏಣಿ ತೆಗೆಯೋ ಹೊತ್ತಿಗೆ 8:20. ಅಮ್ಮನ ಜೊತೆ ನಿಧಾನವಾಗಿ ಪಿಯರ್ ದಾಟಿದ್ರೆ 8:50, ಅಂದ್ರೆ ಊರಲ್ಲಿ 9:50. "9 ಗಂಟೆ ಟೂರ್" ಅಂತ ಬುಕ್ ಮಾಡಿದವರ ಬೋಟು ಅಷ್ಟೊತ್ತಿಗೆ ಹೊರಟು ಹೋಗಿರುತ್ತೆ. ಹೊರಗೆ ಏನೇ ಬುಕ್ ಮಾಡಿದ್ರೂ ಊರಿನ ಸಮಯ 10:30ಕ್ಕಿಂತ ಮೊದಲಿನದು ಬೇಡ. ಹಡಗಿನ ಹೆಸರು ಹೇಳಿ, "ಹಡಗಿನ ಸಮಯವೋ ಊರಿನ ಸಮಯವೋ" ಅಂತ ಬರಹದಲ್ಲಿ ಕೇಳಿಕೊಳ್ಳಿ.

ಸಮಯಪಾಲಕ
ಒಪ್ಪಿದೆ, ಚಳಿಗಾಲದ ಲೆಕ್ಕ ನಿಮ್ಮದೇ ಸರಿ. ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರೋ ಸೂಚನೆಯಲ್ಲಿ ಹಡಗು ಸಮಯ ಬದಲಿಸುತ್ತೋ ಇಲ್ಲವೋ ಅಂತ ಹಾಕಿರ್ತಾರೆ. ಮುಳ್ಳಿನ ವಾಚ್ ಒಂದನ್ನ ಹಡಗಿನ ಸಮಯಕ್ಕೆ ಇಟ್ಟು ಕೈಗೆ ಕಟ್ಟಿಕೊಳ್ಳಿ. ಬ್ಲೂಟೂತ್ ವಾಚು ಫೋನಿನ ಬಾಲ ಹಿಡಿದು ಬದಲಾಗಿಬಿಡುತ್ತೆ.

ಸಿರಿಗನ್ನಡತಿ
ಅಪ್ಪನ ಮಾಯಾ ದೇವಸ್ಥಾನಕ್ಕೆ ಕೊಸುಮೆಲ್ ಯಾಕೆ? ನಿಮ್ಮ ಹಡಗು ಕೋಸ್ಟಾ ಮಾಯಾದಲ್ಲೂ ನಿಲ್ಲುತ್ತಲ್ಲ. ಅಲ್ಲಿಂದ ಬಸ್ಸಲ್ಲಿ ಸುಮಾರು ಒಂದು ಗಂಟೆ ಹೋದ್ರೆ ಚಾಕ್‌ಚೋಬೆನ್. ಕಾಡಿನ ನಡುವೆ, ಎತ್ತರದ ಮೆಟ್ಟಿಲು ಗೋಪುರಗಳು, ಸುತ್ತ ದೊಡ್ಡ ದೊಡ್ಡ ಮರಗಳ ನೆರಳು. ಸಮುದ್ರ ದಾಟೋ ತಲೆನೋವಿಲ್ಲ. ಕೋಸ್ಟಾ ಮಾಯಾದ ಬೀಚ್ ಟೂರ್ ರದ್ದು ಮಾಡಿ ಅದನ್ನ ತಗೊಳ್ಳಿ, ಬೀಚು ಕೊಸುಮೆಲ್‌ನಲ್ಲಿ ಮಾಡಿ. ಹಡಗಿನ ಟೂರ್‌ಗಳನ್ನ ಸಾಮಾನ್ಯವಾಗಿ ಒಂದೆರಡು ದಿನ ಮುಂಚೆವರೆಗೂ ರದ್ದು ಮಾಡಬಹುದು. ಕೊನೇ ದಿನಾಂಕ ಬುಕಿಂಗ್ ಪುಟದಲ್ಲೇ ಇರುತ್ತೆ.

ತಿಪಟೂರು_ಟು_ಟೆಕ್ಸಾಸ್
ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ ಮೇಡಂ! ಚಾಕ್‌ಚೋಬೆನ್‌ನಲ್ಲಿ ಅಮ್ಮ ನಡೆಯೋಕಾಗುತ್ತಾ?

ಸಿರಿಗನ್ನಡತಿ
ಪೂರ್ತಿ ಸುತ್ತು ಬೇಡ. ಒಳಗಿನ ದಾರಿ ಮಣ್ಣು ಮತ್ತು ಕಲ್ಲು, ನಡುವೆ ಬೇರುಗಳು, ಕೆಲವು ಕಡೆ ಏರು ಮೆಟ್ಟಿಲು. ಮೊದಲ ಗೋಪುರದ ತನಕ ಬಂದು ನೆರಳಲ್ಲಿ ಕೂತ್ಕೊಳ್ಳಲಿ. ಅಥವಾ ಆ ದಿನ ಅಮ್ಮ ಹಡಗಲ್ಲೇ ಇರಲಿ. ಎಲ್ಲರೂ ಇಳಿದಾಗ ಈಜುಕೊಳದ ಹತ್ತಿರ ಎಷ್ಟು ಬೇಕೋ ಅಷ್ಟು ಜಾಗ.

ಇತಿಹಾಸಪ್ರಿಯ
ಸಾನ್ ಹೆರ್ವಾಸಿಯೊವನ್ನು ಹೀಗೆ ಪಕ್ಕಕ್ಕೆ ಸರಿಸಬೇಡಿ. ಗಾತ್ರ ಸಣ್ಣದು ನಿಜ. ಆದರೆ ಅದು ಇಷ್‌ಚೆಲ್ ದೇವಿಯ ಕ್ಷೇತ್ರ. ಹೆರಿಗೆ, ಮದ್ದು, ನೇಯ್ಗೆ, ಚಂದ್ರ ಎಲ್ಲ ಅವಳ ಪಾಲಿನವು. ಮಾಯಾ ಹೆಂಗಸರು ಜೀವಮಾನದಲ್ಲಿ ಒಮ್ಮೆಯಾದರೂ ತೋಡುದೋಣಿಯಲ್ಲಿ ಈ ದ್ವೀಪಕ್ಕೆ ಯಾತ್ರೆ ಬರುತ್ತಿದ್ದರು ಎನ್ನುತ್ತಾರೆ. ನಮ್ಮವರು ಕಾಶಿಗೆ ಹೋದ ಹಾಗೆ. ಒಂದು ಚಿಕ್ಕ ಕಟ್ಟಡಕ್ಕೆ 'ಲಾಸ್ ಮನಿತಾಸ್' ಎಂದು ಹೆಸರು, ಎಂದರೆ ಪುಟ್ಟ ಕೈಗಳು. ಗೋಡೆಯ ಗಾರೆಯ ಮೇಲೆ ಕೆಂಪು ಬಣ್ಣದಲ್ಲಿ ಅದ್ದಿ ಒತ್ತಿದ ಅಂಗೈ ಗುರುತುಗಳಿವೆ. ಬಣ್ಣ ಮಾಸಿದೆ. ಹಗ್ಗದ ಈಚೆ ನಿಂತು ಕಣ್ಣು ಆ ನೆರಳಿಗೆ ಹೊಂದುವ ತನಕ ಕಾದರೆ ಒಂದೊಂದೇ ಬೆರಳು ಕಾಣುತ್ತದೆ. ಎತ್ತರದ ಗೋಪುರ ನೋಡಲು ಹೋದವರಿಗೆ ಬೇಸರವಾಗುತ್ತದೆ, ದೇವಿಯ ಜಾಗ ನೋಡಲು ಹೋದವರಿಗೆ ಆಗುವುದಿಲ್ಲ.

ಹ್ಯೂಸ್ಟನ್_ಹಾಸನ
ಹೋಗೋದಾದ್ರೆ: ಪೇಟೆಯಿಂದ ಅಡ್ಡ ರಸ್ತೆಯಲ್ಲಿ ದ್ವೀಪದ ಒಳಕ್ಕೆ ಸುಮಾರು 16 ಕಿ.ಮೀ. ವಾಪಸ್ ಬರೋಕೆ ಅಲ್ಲಿ ಖಾಲಿ ಟ್ಯಾಕ್ಸಿ ಸಿಗಲ್ಲ, ಆದ್ದರಿಂದ ಕಾಯೋದೂ ಸೇರಿಸಿ ಮೊದಲೇ ರೇಟು ಮಾತಾಡಿ. ಪ್ರವೇಶಕ್ಕೆ ಎರಡು ಶುಲ್ಕ: ಒಂದು ಅಲ್ಲಿನ ಉದ್ಯಾನ ಸಂಸ್ಥೆಗೆ, ಇನ್ನೊಂದು ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆಗೆ. ಪೆಸೋ ನಗದು ಇಟ್ಕೊಳ್ಳಿ. ಊರಿನ ಸಮಯ ಮಧ್ಯಾಹ್ನ 3 ದಾಟಿದ ಮೇಲೆ ಹೋಗೋದು ದಂಡ. ಸೊಳ್ಳೆ ಸಿಕ್ಕಾಪಟ್ಟೆ, ಉದ್ದ ಪ್ಯಾಂಟು ಹಾಕಿ. ನೀರು ಕೈಯಲ್ಲೇ ಇರಲಿ.

ಘಟಪ್ರಭಾ
ಹಂಗಾದ್ರ ಗುಂಪು ಎರಡು ಮಾಡ್ರಿ. ಅಪ್ಪಾರು ಮತ್ತ ಮನ್ಯಾಗಿನ ಒಬ್ಬರು ಸಾನ್ ಹೆರ್ವಾಸಿಯೊ. ಉಳದವರು ನೀರಿಗೆ. ಮೂರು ತಾಸಿನಾಗ ಅವರೂ ಬೀಚಿಗೆ ಬಂದು ಕೂಡತಾರ.

ಅಮ್ಮಣ್ಣಿ_ಆಸ್ಟಿನ್
ಗುಂಪು ಒಡೆಯೋದು ನನಗೆ ಸರಿ ಕಾಣಲ್ಲ. ಇಬ್ಬರು ಮಕ್ಕಳು ಸ್ನಾರ್ಕಲಿಂಗ್ ಬೋಟಲ್ಲಿ, ಅಜ್ಜಿ ದಡದಲ್ಲಿ, ದೊಡ್ಡವರು ಒಬ್ಬರೇ. ಅವರು ಎಲ್ಲಿ ಅಂತ ಇರ್ತಾರೆ? ದೇವಸ್ಥಾನ ಕೋಸ್ಟಾ ಮಾಯಾದಲ್ಲೇ ಮುಗಿಸಿ. ಇಲ್ಲಿ ಎಲ್ಲರೂ ಒಂದೇ ಕಡೆ ಇರಲಿ.

ನೀರುಕೋಳಿ
ಮಕ್ಕಳ ಸ್ನಾರ್ಕಲಿಂಗ್‌ಗೆ ಬರ್ತೀನಿ. ಅಲ್ಲಿ ಮೂರು ಕಡೆ ನಿಲ್ಲಿಸೋ ಬೋಟು ಮಾಮೂಲಿ: ಪಲಂಕಾರ್, ಕೊಲಂಬಿಯಾ, ಎಲ್ ಸಿಯೆಲೊ. ಮೂರೂವರೆ ನಾಲ್ಕು ಗಂಟೆ ಹಿಡಿಯುತ್ತೆ. ಮೊದಲೆರಡು ಹವಳದ ದಿಬ್ಬಗಳು. ಎಲ್ ಸಿಯೆಲೊ ಅಂದ್ರೆ ಬಿಳಿ ಮರಳಿನ ತಿಟ್ಟು, ಸೊಂಟದಿಂದ ಎದೆಮಟ್ಟ ನೀರು, ತಳದಲ್ಲಿ ಕಿತ್ತಳೆ-ಕಂದು ಬಣ್ಣದ ದಪ್ಪ ನಕ್ಷತ್ರಮೀನುಗಳು. ಅಲ್ಲಿಗೆ ದೋಣಿ ಬಿಟ್ಟರೆ ಬೇರೆ ದಾರಿ ಇಲ್ಲ.

ಕೊಸುಮೆಲ್ ಪಶ್ಚಿಮ ದಡದಲ್ಲಿ ಸೆಳೆತ ಸದಾ ಇರುತ್ತೆ, ಹೆಚ್ಚಾಗಿ ದಕ್ಷಿಣದಿಂದ ಉತ್ತರಕ್ಕೆ. ಅದಕ್ಕೇ ಅಲ್ಲಿ ಈಜಿ ವಾಪಸ್ ಬರೋ ಪದ್ಧತಿ ಇಲ್ಲ. ನೀರಿಗಿಳಿದು ಸೆಳೆತದ ಜೊತೆ ತೇಲ್ತೀರಿ, ಬೋಟು ಹಿಂದೆ ಬಂದು ಎತ್ತಿಕೊಳ್ಳುತ್ತೆ. ಈಜುಕೊಳದಲ್ಲಿ ಕಲಿತ ಮಕ್ಕಳು ಇಲ್ಲಿ ಎಡವೋದು ಒಂದೇ ಕಡೆ: ಬೋಟು ದೂರ ಕಂಡ ತಕ್ಷಣ ಗಾಬರಿಯಾಗಿ ಅದರ ಕಡೆ ಎದುರೀಜು ಹೊಡೀತಾರೆ, ಎರಡೇ ನಿಮಿಷಕ್ಕೆ ಸುಸ್ತು. "ಬೋಟು ನಿನ್ನ ಹತ್ರ ಬರುತ್ತೆ, ನೀನು ಅದರ ಹತ್ರ ಹೋಗಬೇಡ" ಅಂತ ಮೊದಲೇ ಹೇಳಿಕೊಡಿ. 7 ವರ್ಷದವರನ್ನ ಹಿಡಿದುಕೊಂಡು ಒಬ್ಬ ದೊಡ್ಡವರು ನೀರಲ್ಲೇ ಇರಬೇಕು.

ಮಾಸ್ಕ್ ಮನೆಯಿಂದಲೇ ತಗೊಂಡು ಹೋಗಿ. ಬಾಡಿಗೆ ಮಾಸ್ಕು ಮಕ್ಕಳ ಮುಖಕ್ಕೆ ಕೂರಲ್ಲ, ಮೂಗಿನ ಕೆಳಗಿಂದ ನೀರು ನುಗ್ಗುತ್ತೆ. ಪರೀಕ್ಷೆ ಸುಲಭ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಲ್ಲಿ ಉಸಿರು ಎಳೆದುಕೊಳ್ಳಿ, ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತ್ರೆ ಅದು ಸರಿಯಾದ ಅಳತೆ.

ಕಡಲತಡಿ_ಕುಂದಾಪ್ರ
ನಕ್ಷತ್ರಮೀನನ್ನು ನೀರಿನಿಂದ ಮೇಲೆ ಎತ್ತಬಾರದು. ಫೋಟೋಕ್ಕೆ ಅಂತ ಎತ್ತಿದರೆ ಅದರ ಉಸಿರಾಟವೇ ಕಟ್ಟುತ್ತದೆ. 2019ರಲ್ಲಿ ಪಲಂಕಾರ್, ಕೊಲಂಬಿಯಾ, ಎಲ್ ಸಿಯೆಲೊ ಜಾಗಗಳನ್ನು ಹವಳ ಉಳಿಸಲಿಕ್ಕೆ ಅಂತ ಸ್ವಲ್ಪ ಕಾಲ ಮುಚ್ಚಿಯೂ ಇದ್ದರು. 1996ರಿಂದ ಅದು ರಾಷ್ಟ್ರೀಯ ಉದ್ಯಾನ. ಮಕ್ಕಳಿಗೆ ಇದನ್ನು ಹಡಗಿನಲ್ಲೇ ಹೇಳಿ ಕರೆದುಕೊಂಡು ಹೋಗಿ.

ಅಮ್ಮಣ್ಣಿ_ಆಸ್ಟಿನ್
ಸನ್‌ಸ್ಕ್ರೀನ್ ಹಚ್ಚಬಹುದಾ?

ನೀರುಕೋಳಿ
ಉದ್ಯಾನದ ನೀರಿಗೆ ಇಳಿಯೋ ಮುಂಚೆ ಹಚ್ಚಬೇಡಿ ಅಂತ ಬೋಟಿನವರು ಹೇಳ್ತಾರೆ, "ಹವಳಕ್ಕೆ ಸುರಕ್ಷಿತ" ಅಂತ ಬರೆದ ಡಬ್ಬಿಯನ್ನೂ ಒಪ್ಪಲ್ಲ. ತುಂಬುತೋಳಿನ ಈಜುಬಟ್ಟೆ, ಮೊಣಕಾಲಿನ ಹಿಂದೆ ಮುಚ್ಚೋ ಚಡ್ಡಿ ಹಾಕಿ. ಸ್ನಾರ್ಕಲಿಂಗ್‌ನಲ್ಲಿ ಸುಡೋದು ಬೆನ್ನು, ಮೊಣಕಾಲಿನ ಹಿಂಭಾಗ.

ಗಾಳಿಮಾತು
ಜನವರಿ ಅಂದ್ರೆ 'ನೋರ್ತೆ' ಬಗ್ಗೆ ಹೇಳಲೇಬೇಕು. ಅಮೆರಿಕದ ಕಡೆಯಿಂದ ಚಳಿಗಾಳಿ ಕೆಳಗಿಳಿದಾಗ ಉತ್ತರದ ಗಾಳಿ ಬೀಸುತ್ತೆ. ಮಾಮೂಲಿ ದಿನ ಗಾಳಿ ಪೂರ್ವದಿಂದ, ಆಗ ಪಶ್ಚಿಮ ದಡ ಕೆರೆಯಂತೆ ಶಾಂತ. ನೋರ್ತೆ ಬಂದ ದಿನ ಪಶ್ಚಿಮ ದಡಕ್ಕೇ ಅಲೆ. ಬಂದರು ಅಧಿಕಾರಿ ಸಣ್ಣ ದೋಣಿಗಳಿಗೆ ಬಂದರು ಮುಚ್ಚಿಬಿಡ್ತಾರೆ, ಆಮೇಲೆ ಯಾವ ಬೋಟೂ ಹೊರಡಲ್ಲ. ಹಡಗೇ ಕಟ್ಟೆ ಹಿಡಿಯದೆ ಮುಂದಕ್ಕೆ ಹೋಗೋದೂ ಉಂಟು. ಅದಕ್ಕೆ ಹೊರಗೆ ಬುಕ್ ಮಾಡೋ ಮೊದಲು ಎರಡು ಪ್ರಶ್ನೆ: ಬಂದರು ಮುಚ್ಚಿದ್ರೆ ಪೂರ್ತಿ ಹಣ ವಾಪಸಾ? ಹಡಗು ಬರದಿದ್ರೆ ಪೂರ್ತಿ ವಾಪಸಾ? ಎರಡಕ್ಕೂ "ಹೌದು" ಅನ್ನದವರಿಗೆ ಮುಂಗಡ ಕೊಡಬೇಡಿ.

ಹ್ಯೂಸ್ಟನ್_ಹಾಸನ
ಅಮ್ಮನ ವಿಷಯ. ಬೋಟಿಗೆ ಬುಕ್ ಮಾಡಿಸಬೇಡಿ, ನೀರಿಂದ ಮೇಲೆ ಬರೋದು ಕಬ್ಬಿಣದ ನೇತಾಡೋ ಏಣಿಯಲ್ಲಿ, ಪೂರ್ತಿ ಭಾರ ಮಂಡಿ ಮೇಲೆ. ಚಂಕನಾಬ್ ಪಾರ್ಕು ಚೆನ್ನಾಗಿದೆ, ಆದ್ರೆ ಅಲ್ಲೂ ಸಮುದ್ರಕ್ಕೆ ಇಳಿಯೋದು ಹೆಚ್ಚಾಗಿ ಮೆಟ್ಟಿಲು, ಏಣಿ. ದಡದ ಕಲ್ಲು ಚೂಪು ಸುಣ್ಣಕಲ್ಲು, ಬರಿಗಾಲಲ್ಲಿ ಕುಯ್ಯುತ್ತೆ. ಅಮ್ಮನಿಗೆ ಮರಳು ದಡ ಇರೋ ಬೀಚ್ ಕ್ಲಬ್ಬೇ ಸರಿ. ದಕ್ಷಿಣದ ಪಿಯರ್‌ಗಳಿಂದ ಟ್ಯಾಕ್ಸಿಯಲ್ಲಿ 10-15 ನಿಮಿಷ. ಕೆಲವು ಕಡೆ ಪ್ರವೇಶ ಶುಲ್ಕ ಕೊಟ್ಟು ತಿಂದಿದ್ದಕ್ಕೆ ಬೇರೆ ಹಣ, ಕೆಲವು ಕಡೆ ಊಟ-ಕುಡಿಯೋದು ಎಲ್ಲ ಸೇರಿ ತಲಾ ಇಷ್ಟು. ಮದ್ಯ ಕುಡಿಯದ ಸಸ್ಯಾಹಾರಿಗಳಿಗೆ ಎರಡನೆಯದು ನಷ್ಟ.

ಪಿಯರ್ ಯಾವುದು ಅಂತ ನೋಡಿಕೊಳ್ಳಿ. ಪುಂತಾ ಲಾಂಗೋಸ್ತಾ ಪೇಟೆಯೊಳಗೇ ಇದೆ. ಪುಯೆರ್ತಾ ಮಾಯಾ ಮತ್ತು ಇಂಟರ್‌ನ್ಯಾಷನಲ್ ಪಿಯರ್ ನಾಲ್ಕೈದು ಕಿ.ಮೀ. ದಕ್ಷಿಣಕ್ಕೆ, ಅಕ್ಕಪಕ್ಕ. ಹಡಗು ಪಿಯರಿನ ತುದಿಯಲ್ಲಿ ನಿಂತ್ರೆ ಗೇಟಿನ ತನಕ ನಡೆಯೋದೇ ಅಮ್ಮನ ಅರ್ಧ ಕಿಲೋಮೀಟರ್ ತಿಂದುಬಿಡುತ್ತೆ. ಮಡಚೋ ವೀಲ್‌ಚೇರ್ ಬಾಡಿಗೆಗೆ ತಗೊಳ್ಳಿ. ಹಡಗಿನ ವೀಲ್‌ಚೇರ್ ಹತ್ತಿ-ಇಳಿಯೋಕೆ ಮಾತ್ರ, ಊರೊಳಗೆ ಕೊಡಲ್ಲ.

ಚೌಕಾಸಿ_ಚೆನ್ನಪ್ಪ
ಟ್ಯಾಕ್ಸಿಗೆ ಮೀಟರ್ ಇಲ್ಲ. ಜಾಗದಿಂದ ಜಾಗಕ್ಕೆ ದರ ನಿಗದಿ, ಪಿಯರ್ ಹೊರಗೆ ಬೋರ್ಡ್ ಹಾಕಿರ್ತಾರೆ. ಆ ದರ ನಾಲ್ಕು ಜನಕ್ಕೆ. ಆರು ಜನ ಅಂದ್ರೆ ವ್ಯಾನು ಕೇಳಿ, ಹತ್ತೋ ಮುಂಚೆ "ಒಟ್ಟು ಎಷ್ಟು, ಡಾಲರೋ ಪೆಸೋನೋ" ಅಂತ ಬಾಯಿಬಿಟ್ಟು ಕೇಳಿ. ಡಾಲರ್ ನಡೆಯುತ್ತೆ, ಚಿಲ್ಲರೆ ಪೆಸೋದಲ್ಲಿ ಕೊಡ್ತಾರೆ, ಆಗ ವಿನಿಮಯದಲ್ಲಿ ಹೊಡೆತ. 1, 5 ಡಾಲರ್ ನೋಟು ಇಟ್ಕೊಳ್ಳಿ. ಎಟಿಎಂ "ಡಾಲರ್‌ಗೆ ಪರಿವರ್ತಿಸಲಾ" ಅಂದ್ರೆ ಬೇಡ ಅನ್ನಿ, ಪೆಸೋದಲ್ಲೇ ಎಳೀರಿ.

ಇನ್ನೊಂದು. ಮೆಕ್ಸಿಕೋ ವೆನಿಲ್ಲಾ ಅಂತ ದೊಡ್ಡ ಬಾಟಲಿ ಮೂರು ನಾಲ್ಕು ಡಾಲರಿಗೆ ಕೊಟ್ರೆ ಮುಟ್ಟಬೇಡಿ. ಅಗ್ಗದ್ದರಲ್ಲಿ ಟೊಂಕಾ ಬೀಜದ ಕೂಮರಿನ್ ಅನ್ನೋ ರಾಸಾಯನಿಕ ಇರಬಹುದು, ಅಮೆರಿಕದಲ್ಲಿ 1954ರಿಂದ ಅದನ್ನ ಆಹಾರಕ್ಕೆ ಬಳಸೋ ಹಾಗಿಲ್ಲ. ಕಪ್ಪು ಹವಳದ ಸರವೂ ಬೇಡ, ಪರವಾನಗಿ ಪತ್ರ ಇಲ್ಲದಿದ್ರೆ ಕಸ್ಟಮ್ಸ್‌ನಲ್ಲಿ ಹೋಗುತ್ತೆ.

ಬಿಸಿಬೇಳೆ
ಊಟ: ಬೀನ್ಸ್ ನೋಡಿ ಸಸ್ಯಾಹಾರ ಅಂತ ತಿನ್ನಬೇಡಿ. ಅರೆದ ಬೀನ್ಸ್ ಹೆಚ್ಚು ಕಡೆ ಹಂದಿ ಕೊಬ್ಬಲ್ಲಿ ಬಾಡಿಸಿರ್ತಾರೆ, ಕೆಂಪನ್ನ ಕೋಳಿ ಸಾರಲ್ಲಿ ಬೇಯಿಸಿರ್ತಾರೆ, ಗೋಧಿ ತೊರ್ತಿಯಾ ಹಿಟ್ಟಿಗೂ ಕೊಬ್ಬು ಹಾಕಿರಬಹುದು. "ಸಸ್ಯಾಹಾರಿ" ಅಂದ್ರೆ ಬರೀ ತುಂಡು ಮಾಂಸ ಇಲ್ಲದ್ದು ಅಂತ ತಿಳ್ಕೊಳ್ಳೋರೂ ಇದ್ದಾರೆ. ಅದಕ್ಕೆ ಒಂದೊಂದೇ ಹೇಳಿ: ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ, ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಪೊಯ್ಯೊ. ಅಂದ್ರೆ ಮಾಂಸ, ಕೋಳಿ, ಮೀನು, ಹಂದಿ ಕೊಬ್ಬು, ಕೋಳಿ ಸಾರು ಬೇಡ. ಚೀಟಿಯಲ್ಲಿ ಬರೆದು ತೋರಿಸಿದ್ರೆ ಇನ್ನೂ ಒಳ್ಳೇದು.

ಧೈರ್ಯವಾಗಿ ತಿನ್ನಬಹುದಾದ್ದು: ಜೋಳದ ತೊರ್ತಿಯಾದಲ್ಲಿ ಚೀಸ್ ಕೆಸಡಿಯಾ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಟೊಮೆಟೊ-ಈರುಳ್ಳಿ-ಕೊತ್ತಂಬರಿ ಹೆಚ್ಚಿದ ಪೀಕೋ ದೆ ಗಾಯೊ (ನಮ್ಮ ಕೋಸಂಬರಿ ತಮ್ಮ), ನಿಂಬೆ-ಖಾರ ಹಾಕಿದ ಮಾವು. ಕಿತ್ತಳೆ ಬಣ್ಣದ ಹಬನೇರೊ ಚಟ್ನಿ ಮಾತ್ರ ಬೆರಳ ತುದಿಯಷ್ಟು ನೋಡಿ ಹಾಕಿಕೊಳ್ಳಿ, ಗುಂಟೂರು ತಿಂದವರಿಗೂ ಅದು ಬೇರೆ ಲೆಕ್ಕ.

ಅಮ್ಮಣ್ಣಿ_ಆಸ್ಟಿನ್
ಹಡಗಿನ ಬಫೆಯಿಂದ ಹಣ್ಣು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಇಳಿಯೋ ಹಾಗಿಲ್ಲ, ಗೇಟಲ್ಲಿ ತೆಗೀತಾರೆ. ಸೀಲ್ ಆಗಿರೋ ಪೊಟ್ಟಣ ಬಿಡ್ತಾರೆ. ಅಮ್ಮನಿಗೆ ಮಾತ್ರೆ ಟೈಮಿಗೆ ಬಿಸ್ಕತ್ತು, ಖಾಕ್ರಾ ಪ್ಯಾಕೆಟ್ ಇರಲಿ.

ದಾಖಲೆ_ದಾಮೋದರ
ಎಲ್ಲರೂ ಊಟದಲ್ಲಿದ್ದೀರಿ, ನಾನು ಕಾಗದಕ್ಕೆ ಬರ್ತೀನಿ. ತಿಪಟೂರಿನವರೇ, ನೀವು ಎಚ್-1ಬಿ ಕೆಲಸದ ವೀಸಾದವರಾ? ಪಾಸ್‌ಪೋರ್ಟಲ್ಲಿರೋ ವೀಸಾ ಮುದ್ರೆ ಅವಧಿ ಇನ್ನೂ ಇದೆಯಾ?

ತಿಪಟೂರು_ಟು_ಟೆಕ್ಸಾಸ್
ಹೌದು ಸರ್, ಎಚ್-1ಬಿ. ಮುದ್ರೆ ಮುಗಿದಿದೆ, ಇಲ್ಲಿ ಇರಬಹುದಾದ ಅವಧಿ ತೋರಿಸೋ ಐ-94 ದಾಖಲೆ ಇನ್ನೂ ಎರಡು ವರ್ಷ ಇದೆ. ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬಂದ್ರೆ ತೊಂದರೆ ಇಲ್ಲ ಅಂತ ಓದಿದ್ದೆ.

ದಾಖಲೆ_ದಾಮೋದರ
ಇದೇ ನನಗೆ ಭಯ ಇದ್ದಿದ್ದು. ಆ ಸೌಲಭ್ಯ ಅಮೆರಿಕಕ್ಕೆ ಅಂಟಿಕೊಂಡ ದೇಶಗಳಿಗೆ, ಅಂದ್ರೆ ಮೆಕ್ಸಿಕೋ ಮತ್ತು ಕೆನಡಾಕ್ಕೆ ಮಾತ್ರ ಹೋಗಿ 30 ದಿನದೊಳಗೆ ಬಂದವರಿಗೆ. ಕೊಸುಮೆಲ್, ಕೋಸ್ಟಾ ಮಾಯಾ ಎರಡೂ ಮೆಕ್ಸಿಕೋ, ಸರಿ. ರೊಆಟಾನ್ ಹೊಂಡುರಾಸ್! ಬಹಾಮಾಸ್, ಜಮೈಕಾದಂಥ ಹತ್ತಿರದ ದ್ವೀಪಗಳಿಗೆ ಎಫ್ (ವಿದ್ಯಾರ್ಥಿ), ಜೆ (ವಿನಿಮಯ) ವೀಸಾದವರಿಗೆ ಸೌಲಭ್ಯ ಇದೆ, ಎಚ್‌ಗೆ ಇಲ್ಲ. ಹೊಂಡುರಾಸ್ ಯಾರ ಪಟ್ಟಿಯಲ್ಲೂ ಇಲ್ಲ. ಹಡಗಿಂದ ಇಳಿಯದೆ ಕೂತ್ರೆ ಸಾಕು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಗ್ಯಾಲ್ವೆಸ್ಟನ್‌ನಲ್ಲಿ ಹತ್ತೋ ಕೌಂಟರಲ್ಲೇ ತಡೀಬಹುದು, ಹತ್ತಿದ್ರೆ ವಾಪಸ್ ಬಂದಾಗ ತೊಂದರೆ. ಇವತ್ತೇ ಇಮಿಗ್ರೇಷನ್ ವಕೀಲರನ್ನ ಕೇಳಿ, ಹಡಗಿನ ದಾಖಲೆ ವಿಭಾಗಕ್ಕೂ ಬರೆದು ಉತ್ತರ ತರಿಸಿಕೊಳ್ಳಿ. ಬರೀ ಮೆಕ್ಸಿಕೋ ಬಂದರುಗಳ 4-5 ದಿನದ ಪ್ರಯಾಣ ಗ್ಯಾಲ್ವೆಸ್ಟನ್‌ನಿಂದಲೇ ಇದೆ, ಅದಕ್ಕೆ ಬದಲಿಸೋದು ಸುಲಭ. ಅಂತಿಮ ಹಣ ಕಟ್ಟೋ ದಿನಾಂಕದ ಮುಂಚೆ ಮಾಡಿದ್ರೆ ದಂಡ ಕಡಿಮೆ.

ಅಪ್ಪ ಅಮ್ಮನ ಬಿ-2 ಪ್ರವಾಸಿ ವೀಸಾ ಬಹುಪ್ರವೇಶದ್ದು, ಅವಧಿ ಇದೆ ಅಂದ್ರೆ ಅವರಿಗೆ ಅಮೆರಿಕ ಕಡೆಯಿಂದ ತೊಂದರೆ ಇಲ್ಲ. ಆದ್ರೆ ಹೋಗಿ ಬಂದ ಮಾತ್ರಕ್ಕೆ ಹೊಸದಾಗಿ ಆರು ತಿಂಗಳು ಸಿಗುತ್ತೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಇಳಿದ ದಿನವೇ ಐ-94 ತೆಗೆದು ದಿನಾಂಕ ನೋಡಿ.

ತಿಪಟೂರು_ಟು_ಟೆಕ್ಸಾಸ್
ಎದೆ ಧಸಕ್ ಅಂತು ಸರ್. ಅಂತಿಮ ಹಣಕ್ಕೆ ಇನ್ನೂ 11 ದಿನ ಇದೆ. ಈಗಲೇ ವಕೀಲರಿಗೆ ಬರೀತಿದ್ದೀನಿ. 5 ದಿನದ್ದು ನೋಡಿದೆ, ಕೋಸ್ಟಾ ಮಾಯಾ ಮತ್ತು ಕೊಸುಮೆಲ್ ಎರಡೂ ಇದೆ. ಹಾಗಾದ್ರೆ ಚಾಕ್‌ಚೋಬೆನ್ ಹಾಗೇ ಉಳಿಯುತ್ತೆ.

ಘಟಪ್ರಭಾ
ಭಾಳ ಛಲೋ ಆತು ನೋಡ್ರಿ. ಪಾಸ್‌ಪೋರ್ಟ್ ಕೊಸುಮೆಲ್‌ದಾಗ ಒಯ್ಯೂದೋ ಕ್ಯಾಬಿನ್ ತಿಜೋರಿಯೊಳಗ ಇಡೂದೋ?

ದಾಖಲೆ_ದಾಮೋದರ
ಇದರಲ್ಲಿ ಎರಡು ಪಕ್ಷ. ಗೇಟಲ್ಲಿ ಕೇಳೋದು ಹಡಗಿನ ಕಾರ್ಡು, ದೊಡ್ಡವರಿಗೆ ಫೋಟೋ ಇರೋ ಗುರುತಿನ ಚೀಟಿ. ಹಡಗು ತಪ್ಪಿದ್ರೆ ಸಾಮಾನ್ಯವಾಗಿ ಸಿಬ್ಬಂದಿ ತಿಜೋರಿ ತೆರೆದು ಪಾಸ್‌ಪೋರ್ಟನ್ನ ಬಂದರಿನ ಏಜೆಂಟರಿಗೆ ಕೊಟ್ಟು ಹೋಗ್ತಾರೆ. ಬೀಚಿಗೆ ಹೋಗಿ ಎಲ್ಲರೂ ಒಟ್ಟಿಗೆ ನೀರಿಗಿಳಿಯೋರು ತಿಜೋರಿಯಲ್ಲೇ ಇಡಿ, ಬಣ್ಣದ ಜೆರಾಕ್ಸ್ ಜೊತೆಗೆ ಐ-797 (ಎಚ್-1ಬಿ ಮಂಜೂರಾತಿ ಪತ್ರ) ಪ್ರತಿಯೂ ಇರಲಿ. ವೀಸಾದ ಮೇಲಿರೋರಿಗೆ ಒದ್ದೆ ಪಾಸ್‌ಪೋರ್ಟು ಕಳೆದುಹೋದ ಪಾಸ್‌ಪೋರ್ಟಿನಷ್ಟೇ ಕಷ್ಟ.

ನೀರುಕೋಳಿ
5 ದಿನದ್ದಕ್ಕೆ ಬದಲಿಸಿದ್ರೆ ಕೊಸುಮೆಲ್ ನಿಲುಗಡೆ ಸಮಯ ಮತ್ತೆ ನೋಡಿ ಸರ್. ಬೆಳಿಗ್ಗೆ 10ಕ್ಕೆ ಬಂದು ಸಂಜೆ 6ಕ್ಕೆ ಬಿಡೋದಾದ್ರೆ ಬೆಳಗಿನ ಬೋಟು ಆಗಲ್ಲ, ಊರಿನ ಸಮಯ 12:30 ಅಥವಾ 1ರ ಬೋಟು ಕೇಳಿ. ಮಧ್ಯಾಹ್ನದ್ದರಲ್ಲಿ ಎಲ್ ಸಿಯೆಲೊದಲ್ಲಿ ಜನ ಸ್ವಲ್ಪ ಕಡಿಮೆ.